ಲ್ಯಾಪ್‌ಟಾಪ್‌ಗೆ ಬೂಟ್ ಡ್ರೈವ್ ಕಾಣ್ತಿಲ್ವಾ? ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ಪವರ್ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಲೋಗೋ ಬರುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: "ನೋ ಬೂಟಬಲ್ ಡಿವೈಸ್". ಕೆಲವು ಲ್ಯಾಪ್‌ಟಾಪ್‌ಗಳಲ್ಲಿ "ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್" ಅಂತ ಬರುತ್ತದೆ. ಎಚ್‌ಪಿಯಲ್ಲಾದರೆ "ಬೂಟ್ ಡಿವೈಸ್ ನಾಟ್ ಫೌಂಡ್" ಜೊತೆಗೆ 3ಎಫ್0 ಎಂಬ ಕೋಡ್ ಇರುತ್ತದೆ. ಮಾತು ಬೇರೆ ಬೇರೆ, ದೂರು ಒಂದೇ: ವಿಂಡೋಸ್ ಇರುವ ಡ್ರೈವ್, ಅಂದರೆ ಬೂಟ್ ಡ್ರೈವ್, ಲ್ಯಾಪ್‌ಟಾಪ್‌ಗೆ ಸಿಗುತ್ತಿಲ್ಲ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಏನಾಗಿದೆ ಅಂತ ನೋಡದೆ ನೇರವಾಗಿ ವಿಂಡೋಸ್ ಮತ್ತೆ ಹಾಕಲು ಹೋಗುತ್ತಾರೆ. ಇನ್ನೊಂದು, ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆಯೇ ತೆರೆಯುವ, ಲ್ಯಾಪ್‌ಟಾಪ್‌ನ ಮೂಲ ಸೆಟಿಂಗ್ ಪುಟಗಳಿಗೆ) ಹೋಗಿ ಒಂದೇ ಸಲ ನಾಲ್ಕೈದು ಸೆಟಿಂಗ್ ಬದಲಿಸುತ್ತಾರೆ. ಮೊದಲನೆಯದರಿಂದ ಫೈಲ್‌ಗಳು ಹೋಗುತ್ತವೆ. ಎರಡನೆಯದರಿಂದ ಚಿಕ್ಕ ತೊಂದರೆ ಗೋಜಲಾಗುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸುವ ಮುಂಚೆ ಪರದೆಯ ಫೋಟೋ ತೆಗೆದುಕೊಳ್ಳಿ.

## ಕೈ ಹಾಕುವ ಮುಂಚೆ

ಮೊದಲು ಕಿವಿ ಕೊಟ್ಟು ಕೇಳಿ. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದು, ಒಳಗಿನಿಂದ ಟಿಕ್ ಟಿಕ್ ಅಂತ ಒಂದೇ ಲಯದಲ್ಲಿ ಬಡಿಯುವ ಅಥವಾ ಉಜ್ಜುವ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಡಿಸ್ಕನ್ನು ಓದುವ, ಬರೆಯುವ ಒಳಗಿನ ಹೆಡ್ ಕೆಟ್ಟಿರುವ ಲಕ್ಷಣ ಅದು. ಪ್ರತಿ ಸಲ ಆನ್ ಮಾಡಿದಾಗಲೂ ಡಿಸ್ಕಿನ ಮೇಲ್ಮೈಗೆ ಗೀರು ಬೀಳಬಹುದು. ಫೈಲ್‌ಗಳು ಬೇಕೇ ಬೇಕು ಅಂತಿದ್ದರೆ ಮುಂದಿನ ಯಾವ ಹಂತವನ್ನೂ ಮಾಡಬೇಡಿ, ನೇರವಾಗಿ ಹಂತ 7 ಓದಿ.

ಎರಡನೆಯದು ಬಿಟ್‌ಲಾಕರ್, ಅಂದರೆ ಡ್ರೈವಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕುವ ವಿಂಡೋಸ್ ಸೌಲಭ್ಯ. "ನಾನು ಅದನ್ನು ಆನ್ ಮಾಡೇ ಇಲ್ಲ" ಎಂದು ತುಂಬಾ ಜನ ಹೇಳುತ್ತಾರೆ. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರುವ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಇದೇ ಬೀಗದ ಸರಳ ರೂಪವಾದ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ ಒಂದು ಸೆಟಿಂಗ್ ಬದಲಾದರೂ, ಡ್ರೈವನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಫೋನಿನಿಂದಲೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಅಲ್ಲಿನ ಐಟಿ ವಿಭಾಗದವರ ಬಳಿ ಇರುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಅಂದರೆ ಫಿಲಿಪ್ಸ್ 0 ಮತ್ತು 00 ಸೈಜ್. ಕೆಲವು ಮಾಡೆಲ್‌ಗಳಿಗೆ ಟಾರ್ಕ್ಸ್ ಟಿ5. ಕವರ್ ಬಿಡಿಸಲು ತೆಳ್ಳನೆಯ ಪ್ಲಾಸ್ಟಿಕ್ ತುಂಡು. ಹಳೆಯ ಎಟಿಎಂ ಕಾರ್ಡ್ ಸಾಕು. ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್. ಡ್ರೈವನ್ನು ಹೊರಗೆ ಪರೀಕ್ಷಿಸಲು ಒಂದು ಯುಎಸ್‌ಬಿ ಎನ್‌ಕ್ಲೋಷರ್, ಅಂದರೆ ಬಿಡಿ ಡ್ರೈವ್ ಕೂರಿಸಿ ಯುಎಸ್‌ಬಿಗೆ ಜೋಡಿಸುವ ಡಬ್ಬಿ. ಮತ್ತು ಸರಿಯಾಗಿ ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್.

## ಹಂತ 1: ಹೊರಗಿನದ್ದೆಲ್ಲ ತೆಗೆಯಿರಿ, ಒಳಗಿನ ಕರೆಂಟ್ ಇಳಿಸಿ

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್, ಡಾಕ್ ಎಲ್ಲವನ್ನೂ ತೆಗೆಯಿರಿ. ಬೂಟ್ ಪಟ್ಟಿಯಲ್ಲಿ ಯುಎಸ್‌ಬಿ ಮೊದಲು ಇದ್ದರೆ, ಮರೆತು ಬಿಟ್ಟ ಒಂದು ಪೆನ್‌ಡ್ರೈವ್ ಸಾಕು ಈ ಸಂದೇಶ ಬರಲು.

ಆಮೇಲೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತುಬಿಡಿ. ಹೊರಗಿನಿಂದ ತೆಗೆಯಬಹುದಾದ ಬ್ಯಾಟರಿ ಇದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಈಗ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಸ್ಲೀಪ್‌ನಿಂದ ಅರ್ಧಂಬರ್ಧ ಎದ್ದಿರುವ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ಚಿಪ್‌ಗಳ ಡ್ರೈವ್) ಎಷ್ಟೋ ಸಲ ಇಷ್ಟರಲ್ಲೇ ಸರಿಯಾಗುತ್ತದೆ. ಸರಿಯಾಯಿತು ಅಂತ ಸುಮ್ನೆ ಇರಬೇಡಿ, ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಇದೇ ತೊಂದರೆ ಒಂದು ವಾರದೊಳಗೆ ಮತ್ತೆ ಬಂದರೆ ಅದು ಆಕಸ್ಮಿಕ ಅಲ್ಲ, ಡ್ರೈವೋ ಅದರ ಕನೆಕ್ಷನ್ನೋ ಕೆಡುತ್ತಿದೆ.

## ಹಂತ 2: ಬಯಾಸ್‌ನಲ್ಲಿ ಡ್ರೈವಿನ ಹೆಸರು ಇದೆಯಾ?

ಇಡೀ ಕೆಲಸದಲ್ಲಿ ಇದೇ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಮುಂದೆ ಹೋಗಬೇಡಿ. ಹೆಸರು ಇದ್ದರೆ ತೊಂದರೆ ಬಹುಮಟ್ಟಿಗೆ ಸೆಟಿಂಗ್ ಅಥವಾ ಬೂಟ್ ಫೈಲ್‌ಗಳಲ್ಲಿದೆ. ಇಲ್ಲದಿದ್ದರೆ ಕನೆಕ್ಷನ್, ಡ್ರೈವ್ ಅಥವಾ ಮದರ್‌ಬೋರ್ಡ್‌ನಲ್ಲಿದೆ. ಹೆಸರೇ ಕಾಣದ ಡ್ರೈವಿಗೆ ವಿಂಡೋಸ್ ರಿಪೇರಿ ಮಾಡುತ್ತಾ ಕೂತರೆ ಇಡೀ ದಿನ ಹಾಳು.

ಆನ್ ಮಾಡಿದ ಕೂಡಲೇ ಕೀಲಿಯನ್ನು ಪಟಪಟನೆ ಒತ್ತುತ್ತಿರಿ. ಡೆಲ್, ಏಸರ್, ಏಸಸ್‌ನಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಫ್10, ಅಥವಾ ಮೊದಲು ಎಸ್ಕೇಪ್ ಒತ್ತಿ ಆಮೇಲೆ ಎಫ್10. ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಐಡಿಯಾಪ್ಯಾಡ್‌ನಲ್ಲಿ ಎಫ್2. ಕೆಲವು ಐಡಿಯಾಪ್ಯಾಡ್‌ಗಳ ಪಕ್ಕದಲ್ಲಿ ಪಿನ್ ಹಾಕಿ ಒತ್ತುವ ಸಣ್ಣ ನೋವೋ ಬಟನ್ ಕೂಡ ಇರುತ್ತದೆ.

ಒಳಗೆ ಹೋದ ಮೇಲೆ ಜನ ನೇರವಾಗಿ "ಬೂಟ್" ಪುಟ ನೋಡುತ್ತಾರೆ. ಅಲ್ಲಿ ಏನೂ ಇಲ್ಲದಿದ್ದರೆ "ಡ್ರೈವ್ ಸತ್ತಿದೆ" ಎಂದುಬಿಡುತ್ತಾರೆ. ಇದು ತುಂಬಾ ಸಲ ಆಗುವ ತಪ್ಪು. ಬೂಟ್ ಪಟ್ಟಿ ಬೇರೆ, ಸ್ಟೋರೇಜ್ ಪಟ್ಟಿ ಬೇರೆ. ಬೂಟ್ ಪಟ್ಟಿಯಲ್ಲಿ ಬರುವುದು "ವಿಂಡೋಸ್ ಬೂಟ್ ಮ್ಯಾನೇಜರ್" ತರಹದ ನಮೂದು. ಬೂಟ್ ಫೈಲ್ ಕೆಟ್ಟರೆ ಆ ನಮೂದು ಹೋಗಬಹುದು, ಡ್ರೈವ್ ಮಾತ್ರ ಗಟ್ಟಿಮುಟ್ಟಾಗಿರುತ್ತದೆ. ನೀವು ಹುಡುಕಬೇಕಾದ್ದು "ಮೇನ್", "ಇನ್ಫರ್ಮೇಷನ್", "ಸ್ಟೋರೇಜ್" ಅಥವಾ "ಎನ್‌ವಿಎಂಇ" ಹೆಸರಿನ ಪುಟದಲ್ಲಿ ಬರುವ ಡ್ರೈವಿನ ಕಂಪನಿ, ಮಾಡೆಲ್ ಮತ್ತು ಸೈಜ್.

ಹೆಸರು ಇದ್ದರೂ ಅದನ್ನು ಸರಿಯಾಗಿ ಓದಿ. ಸೈಜ್ ಸೊನ್ನೆ ಅಂತಿದ್ದರೆ, ಅಥವಾ 512 ಜಿಬಿ ಡ್ರೈವ್ ಕೆಲವೇ ಎಂಬಿ ಅಂತ ತೋರಿಸಿದರೆ, ಡ್ರೈವನ್ನು ನಡೆಸುವ ಒಳಗಿನ ಚಿಪ್, ಅಂದರೆ ಕಂಟ್ರೋಲರ್, ಕೆಟ್ಟಿದೆ ಎಂದರ್ಥ. ಕೆಲವು ಸಾಟಾ ಎಸ್‌ಎಸ್‌ಡಿಗಳು (ಸಾಟಾ ಎಂದರೆ ಡ್ರೈವ್ ಜೋಡಿಸುವ ಹಳೆಯ ಬಗೆ, ಎನ್‌ವಿಎಂಇ ಹೊಸ, ವೇಗದ ಬಗೆ) ಕೆಟ್ಟಾಗ ತಮ್ಮ ಹೆಸರಿನ ಬದಲು "ಸಾಟಾಫರ್ಮ್ ಎಸ್11" ಎಂದು ತೋರಿಸುತ್ತವೆ. ಇದನ್ನು ನೋಡಿ "ಹೆಸರು ಬಂತಲ್ಲ" ಅಂತ ಸಮಾಧಾನ ಪಡಬೇಡಿ. ಅದರ ಫರ್ಮ್‌ವೇರ್, ಅಂದರೆ ಡ್ರೈವಿನೊಳಗಿನ ಸಾಫ್ಟ್‌ವೇರ್, ಕೆಟ್ಟಿದೆ, ಹಂತ 7ಕ್ಕೆ ಹೋಗಿ.

ಇನ್ನೊಂದು ಪರೀಕ್ಷೆ. ಲ್ಯಾಪ್‌ಟಾಪ್ ಪೂರ್ತಿ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿದ ಮೇಲೆ ಒಮ್ಮೆ ಬಯಾಸ್ ನೋಡಿ. ತಣ್ಣಗಿದ್ದಾಗ ಕಂಡು, ಬಿಸಿಯಾದಾಗ ಮಾಯವಾದರೆ ಡ್ರೈವ್ ಕೊನೆಯ ದಿನಗಳಲ್ಲಿದೆ. ಕಾಣುವ ಹೊತ್ತಿನಲ್ಲೇ ಫೈಲ್ ಎತ್ತಿಕೊಳ್ಳಿ.

ಹೆಸರು ಸರಿಯಾಗಿ ಕಂಡರೆ ಹಂತ 3. ಕಾಣದಿದ್ದರೆ ಸೀದಾ ಹಂತ 5.

## ಹಂತ 3: ಹೆಸರು ಇದೆ, ಆದರೂ ಬೂಟ್ ಆಗುತ್ತಿಲ್ಲ

ಮೊದಲು ಬಯಾಸ್‌ನಲ್ಲಿ ದಿನಾಂಕ ನೋಡಿ. ಅದು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಖಾಲಿಯಾಗಿದೆ. ಅದು ಹೆಚ್ಚಾಗಿ 3 ವೋಲ್ಟಿನ ಸಿಆರ್2032. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸೆಲ್ ಖಾಲಿಯಾದರೆ ಬಯಾಸ್ ಸೆಟಿಂಗ್‌ಗಳು ಕಂಪನಿಯ ಮೂಲ ಸ್ಥಿತಿಗೆ ಮರಳಿಬಿಡುತ್ತವೆ. ನೀವೇನೂ ಮುಟ್ಟದೆ ಬೂಟ್ ನಿಂತುಹೋಗಲು ಇದು ಒಂದು ಕಾರಣ. ಸೆಲ್ ಬದಲಿಸದೆ ಸೆಟಿಂಗ್ ಮಾತ್ರ ಸರಿಮಾಡಿದರೆ ನಾಳೆ ಮತ್ತೆ ಅದೇ ಕಥೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಈ ಸೆಲ್ ಇರುವುದೇ ಇಲ್ಲ.

ಆಮೇಲೆ ಬೂಟ್ ಕ್ರಮ. "ವಿಂಡೋಸ್ ಬೂಟ್ ಮ್ಯಾನೇಜರ್" ಇದ್ದರೆ ಅದನ್ನು ಮೇಲಕ್ಕೆ ತನ್ನಿ. ಎರಡು ಡ್ರೈವ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬರೀ ಫೋಟೋ, ವಿಡಿಯೋ ಇಟ್ಟಿರುವ ಡ್ರೈವ್ ಮೇಲೆ ಕೂತಿರಬಹುದು.

ಮೂರನೆಯದು ಬೂಟ್ ಮೋಡ್. ಯುಇಎಫ್‌ಐ (ಹೊಸ ಬಗೆಯ ಬೂಟ್) ಅಥವಾ ಲೆಗಸಿ (ಹಳೆಯ ಬಗೆ) ಎಂದು ಇರುತ್ತದೆ, ಕೆಲವದರಲ್ಲಿ ಲೆಗಸಿ ಬದಲು ಸಿಎಸ್‌ಎಂ. ವಿಂಡೋಸ್ ಹಾಕುವಾಗ ಯಾವುದು ಇತ್ತೋ ಈಗಲೂ ಅದೇ ಇರಬೇಕು. ಜಿಪಿಟಿ, ಎಂಬಿಆರ್ ಎಂದರೆ ಡಿಸ್ಕನ್ನು ಭಾಗಗಳಾಗಿ ಹಂಚುವ ಹೊಸ ಮತ್ತು ಹಳೆಯ ಕ್ರಮಗಳು. ಜಿಪಿಟಿ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಯುಇಎಫ್‌ಐ, ಎಂಬಿಆರ್ ಡಿಸ್ಕ್‌ನಲ್ಲಿರುವುದಕ್ಕೆ ಲೆಗಸಿ. ಕಂಪನಿಯೇ ವಿಂಡೋಸ್ 10 ಅಥವಾ 11 ಹಾಕಿ ಕೊಟ್ಟಿದ್ದರೆ ಯುಇಎಫ್‌ಐ ಎಂದುಕೊಂಡು ಮುಂದುವರಿಯಿರಿ. ನೆನಪಿಲ್ಲದಿದ್ದರೆ ಒಮ್ಮೆ ಇದು, ಒಮ್ಮೆ ಅದು ಇಟ್ಟು ನೋಡಬಹುದು, ಮೋಡ್ ಬದಲಿಸುವುದರಿಂದ ಫೈಲ್ ಅಳಿಯುವುದಿಲ್ಲ. ಬಿಟ್‌ಲಾಕರ್ ಕೀ ಮಾತ್ರ ಕೈಯಲ್ಲಿರಲಿ.

ನಾಲ್ಕನೆಯದೇ ತುಂಬಾ ಜನರನ್ನು ಕಾಡುವುದು: ಸ್ಟೋರೇಜ್ ಮೋಡ್, ಅಂದರೆ ಲ್ಯಾಪ್‌ಟಾಪ್ ಡ್ರೈವಿನ ಜೊತೆ ಮಾತಾಡುವ ಬಗೆ. ಎಎಚ್‌ಸಿಐ, ರೇಯ್ಡ್, ಇಂಟೆಲ್ ಆರ್‌ಎಸ್‌ಟಿ, ವಿಎಂಡಿ ಎಂಬ ಹೆಸರುಗಳು ಇಲ್ಲಿ ಕಾಣುತ್ತವೆ. ಇದು ಬದಲಾದರೆ ವಿಂಡೋಸ್ ಲೋಗೋವರೆಗೆ ಬಂದು "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆ ಬರುತ್ತದೆ. ಈ ಸೆಟಿಂಗ್ ಮೊದಲು ಹೇಗಿತ್ತೋ ಹಾಗೇ ಇಟ್ಟರೆ ಸಾಕು. ಇಲ್ಲಿ ವಿಂಡೋಸ್ ಮತ್ತೆ ಹಾಕುವ ಅಗತ್ಯವೇ ಇಲ್ಲ.

ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ. ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್‌ನಿಂದ ಈಚೆಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಆನ್ ಇರುತ್ತದೆ. ಆಗ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ಗೆ ಡ್ರೈವೇ ಕಾಣದಿರಬಹುದು. ಬಯಾಸ್‌ಗೆ ಕಾಣುತ್ತದೆ, ಇನ್‌ಸ್ಟಾಲರ್‌ಗೆ ಕಾಣುವುದಿಲ್ಲ. ಡ್ರೈವ್ ಕೆಟ್ಟಿಲ್ಲ, ಅದನ್ನು ಗುರುತಿಸಲು ಬೇಕಾದ ಡ್ರೈವರ್ ಎಂಬ ಸಾಫ್ಟ್‌ವೇರ್ ಇಲ್ಲ ಅಷ್ಟೇ. ನಿಮ್ಮ ಮಾಡೆಲ್‌ನ ಸಪೋರ್ಟ್ ಪುಟದಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ಗೆ ಹಾಕಿ, "ಲೋಡ್ ಡ್ರೈವರ್" ಒತ್ತಿ ತೋರಿಸಿ. ವಿಎಂಡಿಯನ್ನು ಆಫ್ ಮಾಡುವ ದಾರಿಯೂ ಇದೆ. ಆದರೆ ಅದು ಎಲ್ಲ ಅಳಿಸಿ ಹೊಸದಾಗಿ ಹಾಕುವವರಿಗೆ ಮಾತ್ರ. ಹಳೆಯ ವಿಂಡೋಸ್ ಉಳಿಯಬೇಕಾದರೆ ಅದನ್ನು ಮುಟ್ಟಬೇಡಿ.

ಸೀಕ್ಯೂರ್ ಬೂಟ್ (ನಂಬಿಕೆಯ ಬೂಟ್ ಫೈಲ್‌ಗಳನ್ನಷ್ಟೇ ಓಡಲು ಬಿಡುವ ರಕ್ಷಣೆ) ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಅದು ಡ್ರೈವನ್ನು ಮರೆಮಾಡುವುದಿಲ್ಲ. ಸುಮ್ನೆ ಬಿಟ್‌ಲಾಕರ್ ಕೀ ಕೇಳುವ ಹಾಗೆ ಮಾಡಿಕೊಂಡಂತಾಗುತ್ತದೆ.

## ಹಂತ 4: ಬೂಟ್ ಫೈಲ್‌ಗಳ ರಿಪೇರಿ

ಸೆಟಿಂಗ್ ಎಲ್ಲ ಸರಿ ಇದೆ, ಡ್ರೈವಿನ ಹೆಸರೂ ಇದೆ, ಆದರೂ ಬೂಟ್ ಆಗುತ್ತಿಲ್ಲ ಎಂದಾಗ ಮಾತ್ರ ಇಲ್ಲಿಗೆ ಬನ್ನಿ.

ಇನ್ನೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ತಯಾರಿಸಿ. ಅದರಲ್ಲಿದ್ದುದೆಲ್ಲ ಅಳಿಯುತ್ತದೆ, ಮೊದಲೇ ಕಾಪಿ ಮಾಡಿಕೊಳ್ಳಿ. ಲ್ಯಾಪ್‌ಟಾಪ್‌ಗೆ ಹಾಕಿ ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯಾಸ್‌ನಲ್ಲಿ ಆನ್ ಮಾಡಬೇಕಾಗಬಹುದು.

ಭಾಷೆ ಆರಿಸಿದ ಮೇಲೆ "ಇನ್‌ಸ್ಟಾಲ್" ಒತ್ತಬೇಡಿ. "ರಿಪೇರ್ ಯುವರ್ ಕಂಪ್ಯೂಟರ್", ಆಮೇಲೆ "ಟ್ರಬಲ್‌ಶೂಟ್", ಅಲ್ಲಿಂದ "ಸ್ಟಾರ್ಟಪ್ ರಿಪೇರ್". ಎರಡು ಮೂರು ಸಲ ಓಡಿಸಿ ನೋಡಿ, ಒಮ್ಮೆಗೆ ಆಗದ್ದು ಮತ್ತೊಮ್ಮೆ ಆಗುವುದುಂಟು.

ಅದರಿಂದ ಆಗದಿದ್ದರೆ ಅಲ್ಲೇ ಇರುವ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಕಿನ ಭಾಗಗಳನ್ನು (ಪಾರ್ಟಿಷನ್) ತೋರಿಸುವ "ಡಿಸ್ಕ್‌ಪಾರ್ಟ್" ಶುರು ಮಾಡಿ "ಲಿಸ್ಟ್ ಡಿಸ್ಕ್" ಕೊಡಿ. ಡ್ರೈವ್ ಬಂದಿದೆಯಾ, ಜಿಪಿಟಿ ಕೆಳಗೆ ನಕ್ಷತ್ರ ಚಿಹ್ನೆ ಇದೆಯಾ ನೋಡಿ. ಆಮೇಲೆ "ಲಿಸ್ಟ್ ವಾಲ್ಯೂಮ್". ಸಾಮಾನ್ಯವಾಗಿ 100ರಿಂದ 260 ಎಂಬಿ ಇರುವ ಫ್ಯಾಟ್32 ವಾಲ್ಯೂಮ್ ಬೂಟ್ ಪಾರ್ಟಿಷನ್. ದೊಡ್ಡ ಎನ್‌ಟಿಎಫ್‌ಎಸ್ ವಾಲ್ಯೂಮ್ ನಿಮ್ಮ ವಿಂಡೋಸ್. ಇಲ್ಲಿ ಅದರ ಅಕ್ಷರ ಸಿ ಆಗಿರದೆ ಡಿ ಅಥವಾ ಇ ಆಗಿರಬಹುದು, ಗಮನಿಸಿ. ಬಿಟ್‌ಲಾಕರ್ ಬೀಗ ಇದ್ದರೆ ಫೈಲ್ ಸಿಸ್ಟಮ್ ಹೆಸರು ಸರಿಯಾಗಿ ಕಾಣದಿರಬಹುದು. ಅದನ್ನು ನೋಡಿ ಡ್ರೈವ್ ಹಾಳಾಗಿದೆ ಎಂದುಕೊಳ್ಳಬೇಡಿ, ಮೊದಲು ಕೀ ಕೊಟ್ಟು ಬೀಗ ತೆಗೆಯಿರಿ.

ಬೂಟ್ ಪಾರ್ಟಿಷನ್ನನ್ನು "ಸೆಲೆಕ್ಟ್ ವಾಲ್ಯೂಮ್" ಎಂದು ಅದರ ನಂಬರ್ ಕೊಟ್ಟು ಆರಿಸಿ, "ಅಸೈನ್" ಕಮಾಂಡ್‌ನಿಂದ ಎಸ್ ಅಕ್ಷರ ಕೊಡಿ. ಡಿಸ್ಕ್‌ಪಾರ್ಟ್‌ನಿಂದ ಹೊರಗೆ ಬಂದು, ಬೂಟ್ ಫೈಲ್‌ಗಳನ್ನು ಹೊಸದಾಗಿ ಬರೆಯುವ "ಬಿಸಿಡಿಬೂಟ್" (bcdboot) ಓಡಿಸಿ: ಮೊದಲು ವಿಂಡೋಸ್ ಫೋಲ್ಡರ್ ಇರುವ ದಾರಿ, ಆಮೇಲೆ ಸ್ಲ್ಯಾಶ್ ಎಸ್ ಹಾಕಿ ಬೂಟ್ ಪಾರ್ಟಿಷನ್‌ನ ಅಕ್ಷರ ಮತ್ತು ಕೋಲನ್, ಕೊನೆಗೆ ಸ್ಲ್ಯಾಶ್ ಎಫ್ ಹಾಕಿ ಯುಇಎಫ್‌ಐ. ಬೂಟ್ ಫೈಲ್‌ಗಳು ಹೊಸದಾಗಿ ಬರೆಯಲ್ಪಟ್ಟಿವೆ ಎಂಬ ಸಂದೇಶ ಬಂದರೆ ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ.

ಎಲ್ಲರೂ ಹೇಳುವ "ಫಿಕ್ಸ್ ಎಂಬಿಆರ್" ಕಮಾಂಡ್ ಯುಇಎಫ್‌ಐ ಲ್ಯಾಪ್‌ಟಾಪ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಅದು ಹಳೆಯ ಲೆಗಸಿ ಡಿಸ್ಕ್‌ಗಳಿಗೆ. ಎರಡು ಕಮಾಂಡ್‌ಗಳ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಡಿಸ್ಕ್‌ಪಾರ್ಟ್‌ನ "ಕ್ಲೀನ್" ಯಾವ ಕಾರಣಕ್ಕೂ ಬೇಡ. ಹೆಸರು ಕೇಳಿದರೆ ಕಸ ಗುಡಿಸುತ್ತದೆ ಅನಿಸುತ್ತದೆ ಅಲ್ವಾ? ಅದು ಪಾರ್ಟಿಷನ್ ಪಟ್ಟಿಯನ್ನೇ ಅಳಿಸಿಬಿಡುತ್ತದೆ. ಇನ್ನೊಂದು "ಚೆಕ್ ಡಿಸ್ಕ್". ಡ್ರೈವ್ ಕೆಡುತ್ತಿರುವ ಅನುಮಾನ ಇದ್ದರೆ ಫೈಲ್ ಕಾಪಿ ಆಗುವವರೆಗೆ ಅದನ್ನು ಓಡಿಸಬೇಡಿ. ದುರ್ಬಲವಾದ ಡ್ರೈವ್ ಅದರ ಓದು ಬರಹದ ಹೊರೆ ತಡೆಯುವುದಿಲ್ಲ.

## ಹಂತ 5: ಹೆಸರೇ ಇಲ್ಲ, ಕವರ್ ಬಿಚ್ಚಬೇಕು

ವಾರಂಟಿ ಇದ್ದರೆ ಮೊದಲು ಸರ್ವಿಸ್ ಸೆಂಟರ್‌ನವರನ್ನು ಕೇಳಿ. ಫೈಲ್‌ಗಳು ಬೇಕು ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ, ಏಕೆಂದರೆ ವಾರಂಟಿಯಲ್ಲಿ ಡ್ರೈವ್ ಬದಲಿಸುತ್ತಾರೆ, ಫೈಲ್ ತೆಗೆದುಕೊಡುವುದಿಲ್ಲ. ಇನ್ನು ಆಪಲ್‌ನ ಈಚಿನ ಮ್ಯಾಕ್‌ಬುಕ್‌ಗಳು ಮತ್ತು ಇಎಂಎಂಸಿ (ಚಿಪ್ ರೂಪದ ಸ್ಟೋರೇಜ್) ಇರುವ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ. ಅವುಗಳಲ್ಲಿ ಈ ಹಂತಕ್ಕೆ ಅವಕಾಶ ಇಲ್ಲ.

ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಸ್ಕ್ರೂಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಇಟ್ಟುಕೊಳ್ಳಿ. ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೆ ಬೋರ್ಡಿಗೇ ಚುಚ್ಚುತ್ತದೆ. ಕವರ್ ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ವೈರ್ ಹಿಡಿದು ಎಳೆಯಬೇಡಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಕೆಲಸ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಕೊಡಿ.

ಎಂ.2 ಡ್ರೈವ್ ಅಂದರೆ ಉದ್ದನೆಯ ತೆಳು ಪಟ್ಟಿ. 2280 ಎಂದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ತುದಿಯ ಸ್ಕ್ರೂ ಬಿಚ್ಚಿದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಓರೆಯಾಗಿಯೇ ಹೊರಗೆಳೆಯಿರಿ. ಚಿನ್ನದ ಬಣ್ಣದ ಕಾಲುಗಳಿಗೆ ಬೆರಳು ತಾಗಿಸಬೇಡಿ. ಕಲೆ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ನಯವಾದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಮತ್ತೆ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಕೆಳಗೆ ಒತ್ತಿ, ಸ್ಕ್ರೂ ಹಾಕಿ. ಸ್ಕ್ರೂ ಇಲ್ಲದೆ ಬಿಟ್ಟ ಡ್ರೈವ್ ಬ್ಯಾಗಿನ ಅಲುಗಾಟಕ್ಕೆ ಮೇಲೆದ್ದು ಕನೆಕ್ಷನ್ ಕಳೆದುಕೊಳ್ಳುತ್ತದೆ. ಎರಡನೇ ಸ್ಲಾಟ್ ಇದ್ದರೆ ಅಲ್ಲೂ ಹಾಕಿ ನೋಡಿ.

2.5 ಇಂಚಿನ ಸಾಟಾ ಡ್ರೈವ್ ಇದ್ದರೆ ಅನುಮಾನ ಮೊದಲು ಹೋಗಬೇಕಾದ್ದು ರಿಬ್ಬನ್ ಕೇಬಲ್ ಕಡೆಗೆ. ತೆಳುವಾದ ಆ ಪಟ್ಟಿ ಮಡಚಿದ ಜಾಗದಲ್ಲಿ ಒಳಗೇ ತುಂಡಾಗಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಬೋರ್ಡ್ ಕಡೆಯ ಚಿಕ್ಕ ಲಾಚ್ ಎತ್ತಿ, ಕೇಬಲ್ ತೆಗೆದು, ನೇರವಾಗಿ ಹಾಕಿ ಲಾಚ್ ಮುಚ್ಚಿ. ಡ್ರೈವ್ ಒಮ್ಮೆ ಕಾಣುತ್ತದೆ, ಪರದೆ ಅಲುಗಿಸಿದರೆ ಹೋಗುತ್ತದೆ ಎಂದಾದರೆ ಕೇಬಲ್ ಬದಲಿಸಿ. ಅದೇ ಮಾಡೆಲ್‌ನ ಕೇಬಲ್ಲೇ ಬೇಕು.

ಹೊಸದಾಗಿ ತಂದ ಡ್ರೈವ್ ಕಾಣುತ್ತಿಲ್ಲವೇ? ಎಂ.2 ಆಕಾರದಲ್ಲಿ ಸಾಟಾ ಇದೆ, ಎನ್‌ವಿಎಂಇ ಇದೆ. ಎರಡೂ ಒಂದೇ ತರಹ ಕಾಣುತ್ತವೆ. ಕೆಲವು ಸ್ಲಾಟ್‌ಗಳು ಒಂದನ್ನು ಮಾತ್ರ ಒಪ್ಪುತ್ತವೆ. ಒಂದೇ ಕಚ್ಚು ಇದ್ದರೆ ಬಹುಪಾಲು ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. ಕೊನೆಯ ಮಾತು ಡ್ರೈವಿನ ಲೇಬಲ್‌ನದ್ದು.

## ಹಂತ 6: ತಪ್ಪು ಡ್ರೈವಿನದ್ದೋ, ಲ್ಯಾಪ್‌ಟಾಪ್‌ನದ್ದೋ?

ಡ್ರೈವನ್ನು ಎನ್‌ಕ್ಲೋಷರ್‌ಗೆ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿ. ಎನ್‌ಕ್ಲೋಷರ್ ಕೊಳ್ಳುವಾಗಲೂ ಸಾಟಾ, ಎನ್‌ವಿಎಂಇ ನೋಡಿ ತನ್ನಿ, ಇಲ್ಲದಿದ್ದರೆ ಒಳ್ಳೆಯ ಡ್ರೈವನ್ನೇ ಕೆಟ್ಟಿದೆ ಎಂದು ಬಿಸಾಡುತ್ತೀರಿ.

ಅಲ್ಲಿ ಕಂಡರೆ ಡ್ರೈವ್ ಬದುಕಿದೆ. ಬೇರೆ ಯೋಚನೆ ಬಿಟ್ಟು ಮೊದಲು ಫೈಲ್ ಕಾಪಿ ಮಾಡಿ. "ಫಾರ್ಮ್ಯಾಟ್ ಮಾಡಬೇಕು" ಅಥವಾ "ಇನಿಷಿಯಲೈಸ್ ಮಾಡಿ" ಎಂಬ ಪ್ರಶ್ನೆ ಬಂದರೆ ಕ್ಯಾನ್ಸಲ್ ಒತ್ತಿ. ಒಪ್ಪಿಕೊಂಡು ಒತ್ತಿದರೆ ಉಳಿದದ್ದನ್ನು ತೆಗೆಯುವುದು ಇನ್ನೂ ಕಷ್ಟವಾಗುತ್ತದೆ. ಕಾಪಿ ಆದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತರಹದ ಉಚಿತ ಟೂಲ್‌ನಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಲೆಕ್ಕ, ನೋಡಿ. ಹಾರ್ಡ್ ಡಿಸ್ಕ್‌ನಲ್ಲಿ ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ (ಕೆಟ್ಟ ಅಥವಾ ಸರಿಯಾಗಿ ಓದಲಾಗದ ಜಾಗ) ಸಂಖ್ಯೆ ಏರುತ್ತಿದ್ದರೆ ಅದನ್ನು ಮತ್ತೆ ಬೂಟ್ ಡ್ರೈವ್ ಮಾಡಿಕೊಳ್ಳಬೇಡಿ.

ಆಮೇಲೆ ತಿರುಗಾ ಪರೀಕ್ಷೆ. ಸರಿಯಾಗಿರುವ ಬೇರೆ ಡ್ರೈವನ್ನು ಈ ಲ್ಯಾಪ್‌ಟಾಪ್‌ಗೆ ಹಾಕಿ. ಅದೂ ಕಾಣದಿದ್ದರೆ ತೊಂದರೆ ಕೇಬಲ್, ಸ್ಲಾಟ್ ಅಥವಾ ಬೋರ್ಡ್‌ನದ್ದು. ಈ ಪರೀಕ್ಷೆ ಮಾಡದೆ ಹೊಸ ಡ್ರೈವ್ ತಂದು ಹಣ ಕಳೆದುಕೊಂಡವರನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗಿದೆ.

ಎಸ್‌ಎಸ್‌ಡಿ ಎಲ್ಲೂ ಕಾಣದಿದ್ದರೆ ಇನ್ನೊಂದು ಪ್ರಯತ್ನ ಉಳಿದಿದೆ. ಕರೆಂಟ್ ದಿಢೀರನೆ ಹೋದಾಗ ಕೆಲವು ಎಸ್‌ಎಸ್‌ಡಿಗಳ ಒಳಗಿನ ಲೆಕ್ಕ ತಪ್ಪುತ್ತದೆ. ಸುಮ್ಮನೆ ಪವರ್ ಕೊಟ್ಟು ಬಿಟ್ಟರೆ ಅವು ತಾವೇ ಸರಿಮಾಡಿಕೊಳ್ಳಬಹುದು. ಡ್ರೈವನ್ನು ಲ್ಯಾಪ್‌ಟಾಪ್‌ಗೆ ಹಾಕಿ ಬಯಾಸ್ ಪುಟದಲ್ಲೇ 20 ನಿಮಿಷ ಬಿಡಿ. ಆಫ್ ಮಾಡಿ 30 ಸೆಕೆಂಡ್ ಪವರ್ ತೆಗೆಯಿರಿ. ಮತ್ತೊಮ್ಮೆ ಹೀಗೇ ಮಾಡಿ. ಕಾಣಿಸಿಕೊಂಡರೆ ಫೈಲ್ ಎತ್ತಿಕೊಂಡು, ಡ್ರೈವಿನ ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ನೋಡಿ.

## ಹಂತ 7: ಡ್ರೈವ್ ಕೆಟ್ಟಿದೆ ಎಂದು ಖಚಿತವಾದ ಮೇಲೆ

ಬೆಲೆಬಾಳುವ ಫೈಲ್ ಇದ್ದರೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ, ಮನೆಯಲ್ಲಿ ಪ್ರಯೋಗ ಬೇಡ. ಹಾರ್ಡ್ ಡಿಸ್ಕನ್ನು ಫ್ರೀಜರ್‌ನಲ್ಲಿಡುವುದು, ತಟ್ಟುವುದು, ಮುಚ್ಚಳ ತೆಗೆದು ನೋಡುವುದು ಮೂರೂ ಹಾನಿ. ಫ್ರೀಜರ್‌ನಿಂದ ತೆಗೆದಾಗ ಒಳಗೆ ನೀರಿನ ಹನಿ ಕೂರುತ್ತದೆ. ಮುಚ್ಚಳ ತೆಗೆದರೆ ಒಂದು ಧೂಳಿನ ಕಣವೇ ಹೆಡ್‌ಗೆ ಅಡ್ಡ ಬರುತ್ತದೆ. ಕೊಡುವ ಮುಂಚೆ ಕೇಳಿ: ಹಾರ್ಡ್ ಡಿಸ್ಕ್ ಬಿಚ್ಚಲು ಕ್ಲೀನ್ ರೂಮ್ ಇದೆಯಾ, ಫೈಲ್ ಸಿಗದಿದ್ದರೂ ಹಣ ಕೊಡಬೇಕಾ, ಬಿಟ್‌ಲಾಕರ್ ಕೀ ಬೇಕಾ.

ಹೊಸ ಡ್ರೈವ್ ಆರಿಸುವಾಗ ಮೂರು ವಿಷಯ ಹೊಂದಬೇಕು: ಸಾಟಾ ಅಥವಾ ಎನ್‌ವಿಎಂಇ, ಉದ್ದ, ಮತ್ತು ದಪ್ಪ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಬದಿ ಚಿಪ್ ಇರುವ ಅಥವಾ ದಪ್ಪ ಹೀಟ್‌ಸಿಂಕ್ ಅಂಟಿಸಿದ ಡ್ರೈವ್ ಕೂರದೆ ಹೋಗಬಹುದು. ವಿಂಡೋಸ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಲ್ಯಾಪ್‌ಟಾಪ್ ಜೊತೆ ಬಂದ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಸೇರಿರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್ನೆಟ್‌ಗೆ ಜೋಡಿಸಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ.

ಎಲ್ಲ ಓಡತೊಡಗಿದ ಮೇಲೆ ಬಯಾಸ್‌ನ ಬೂಟ್ ಮತ್ತು ಸ್ಟೋರೇಜ್ ಪುಟಗಳ ಫೋಟೋ ತೆಗೆದಿಡಿ. ಹೊಸ ಬಿಟ್‌ಲಾಕರ್ ಕೀಯನ್ನೂ ಬರೆದಿಡಿ, ಹಳೆಯದು ಇನ್ನು ಈ ಡ್ರೈವಿಗೆ ಹೊಂದುವುದಿಲ್ಲ. ಹಳೆಯ ಡ್ರೈವನ್ನು ಕೂಡಲೇ ಬಿಸಾಡಬೇಡಿ. ಅದರ ಮೇಲೆ ತಾರೀಖು ಬರೆದು, ಹಳೆಯ ಕೀಯ ಜೊತೆ ಒಂದೆರಡು ತಿಂಗಳು ಇಟ್ಟುಕೊಳ್ಳಿ. ಕಾಪಿ ಮಾಡಲು ಮರೆತ ಫೋಲ್ಡರ್ ನೆನಪಾಗುವುದು ಸಾಮಾನ್ಯವಾಗಿ ಆಗಲೇ.